ಬಿಯೋವುಲ್ಫ್ ಮೂರನೇ ಪುಟಕ್ಕೇ ನಿದ್ದೆ ಬಂತು. ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಎಲ್ಲಿಂದ ಓದೋದು?

ಓದುಮರಿ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿ.ಕಾಂ., ಕೆಲಸ ಲೆಕ್ಕಪತ್ರದ್ದು. ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಸಾಹಿತ್ಯವನ್ನು ಮೊದಲಿಂದ ಓದಬೇಕು ಅನ್ನೋ ಹುಚ್ಚು ಹತ್ತಿದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಂದು ದಪ್ಪ ಚರಿತ್ರೆ ಸಿಕ್ಕಿತು. ಆಂಗ್ಲೋ ಸ್ಯಾಕ್ಸನ್ ಯುಗ, ಚಾಸರ್ ಯುಗ, ಎಲಿಜಬೆತ್ ಯುಗ, ರೊಮ್ಯಾಂಟಿಕ್ ಯುಗ, ವಿಕ್ಟೋರಿಯಾ ಯುಗ. ಒಂದೊಂದು ಯುಗಕ್ಕೂ ಐದಾರು ಲಕ್ಷಣ, ಹತ್ತು ಹೆಸರು. ಓದಿ ಮುಗಿಸಿದ ಪುಟ ಮಾರನೇ ದಿನ ನೆನಪಿರಲ್ಲ.

ಸರಿ, ಮೂಲವನ್ನೇ ಓದೋಣ ಅಂತ ಪಟ್ಟಿಯ ಮೊದಲ ಕಾವ್ಯ ಬಿಯೋವುಲ್ಫ್ ಹಿಡಿದೆ. ಮೂರನೇ ಪುಟಕ್ಕೆ ಗೊರಕೆ. ಹೀಗೆ ವರಸೆಯಾಗಿ ಹೋಗಬೇಕಾ? ಈ ಯುಗಗಳನ್ನೆಲ್ಲ ಪೋಣಿಸೋ ದಾರ ಅಂತ ಏನಾದ್ರೂ ಇದೆಯಾ?

ಪರೀಕ್ಷೆಮುಗಿದಿಲ್ಲ

ಅಣ್ಣಾ, ಎಂ.ಎ. ಇಂಗ್ಲಿಷ್ ಮಾಡ್ತಿರೋ ನಾನೇ ಬಿಯೋವುಲ್ಫ್ ಪೂರ್ತಿ ಓದಿಲ್ಲ. ಗೈಡ್‌ನಲ್ಲಿ ಎರಡು ಪುಟ ಇದೆ, ಸಾಕು. 3,182 ಸಾಲು, ಮೂರು ರಾಕ್ಷಸರು, ಕೊನೆಗೆ ನಾಯಕ ಸಾಯ್ತಾನೆ. ಮುಂದಿನ ಪ್ರಶ್ನೆ.

ಹಳೇಮೇಷ್ಟ್ರು

ಮೇಲಿನ ತಮ್ಮನಿಗೆ: ಮೂವರಲ್ಲಿ ಇಬ್ಬರು ರಾಕ್ಷಸರು, ಒಂದು ಡ್ರ್ಯಾಗನ್. ಗೈಡ್ ಬದಲಾಯಿಸಿ.

ಓದುಮರಿ ಅವರೇ, ಆ ಯುಗಗಳ ಪಟ್ಟಿಯನ್ನು ನಾನೂ ಮೂವತ್ತು ವರ್ಷ ಬರೆಸಿದ್ದೇನೆ. ಅದು ಬಟ್ಟೆ ಒಣಗಿಸೋ ಹಗ್ಗ ಇದ್ದ ಹಾಗೆ. ಹಗ್ಗ ಬೇಕು. ಆದರೆ ಹಗ್ಗ ನೋಡಿದರೆ ಬಟ್ಟೆ ಯಾರದು ಅಂತ ಗೊತ್ತಾಗಲ್ಲ. ನಿವೃತ್ತನಾದ ಮೇಲೆ ನಾನು ಬೇರೆ ಒಂದು ಪ್ರಶ್ನೆ ಇಟ್ಟುಕೊಂಡು ಓದೋಕೆ ಶುರು ಮಾಡಿದೆ. ಪುಸ್ತಕ ತೆಗೆದುಕೊಂಡ ಕೂಡಲೇ ಕೇಳುತ್ತೇನೆ: ಇದು ಇಲ್ಲಿವರೆಗೆ ಬಂದದ್ದು ಹೇಗೆ?

ನಿಮ್ಮನ್ನು ಮಲಗಿಸಿದ ಬಿಯೋವುಲ್ಫ್‌ನದೇ ಕಥೆ ಕೇಳಿ. ಅದರ ಕೈಬರಹದ ಪ್ರತಿ ಇಡೀ ಜಗತ್ತಿಗೆ ಒಂದೇ. ಹೆಚ್ಚುಕಡಿಮೆ ಕ್ರಿ.ಶ. 1000ದ ಹೊತ್ತಿನದು. ಸರ್ ರಾಬರ್ಟ್ ಕಾಟನ್ ಅನ್ನೋರ ಸಂಗ್ರಹದಲ್ಲಿತ್ತು. ಅವರ ಕಪಾಟುಗಳ ಮೇಲೆ ಒಬ್ಬೊಬ್ಬ ರೋಮನ್ ಚಕ್ರವರ್ತಿಯ ತಲೆಯ ಶಿಲ್ಪ. ಈ ಪುಸ್ತಕ ಇದ್ದದ್ದು ವಿಟೆಲಿಯಸ್ ತಲೆಯ ಕೆಳಗೆ, ಮೊದಲ ತಟ್ಟಿನಲ್ಲಿ ಹದಿನೈದನೆಯದು. ಇವತ್ತಿಗೂ ಅದರ ಗುರುತಿನ ಸಂಖ್ಯೆ ಅದೇ. 1731ರಲ್ಲಿ ಆ ಸಂಗ್ರಹ ಇಟ್ಟಿದ್ದ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿತ್ತು. ಎಷ್ಟೋ ಪುಸ್ತಕ ಸುಟ್ಟುಹೋದವು. ಇದರ ಅಂಚು ಮಾತ್ರ ಸುಟ್ಟಿತು. ಸುಟ್ಟ ಅಂಚು ಮುಟ್ಟಿದರೆ ಉದುರುತ್ತಿತ್ತು. ವರ್ಷ ಹೋದಂತೆ ಅಕ್ಷರಗಳೂ ಉದುರಿದವು.

1787ರ ಸುಮಾರಿಗೆ ಐಸ್‌ಲ್ಯಾಂಡಿನ ಥಾರ್ಕೆಲಿನ್ ಅನ್ನೋ ವಿದ್ವಾಂಸ ಬಂದು ಎರಡು ನಕಲು ಮಾಡಿಕೊಂಡ. ಆಮೇಲೆ ಉದುರಿದ ಅಕ್ಷರ ಎಷ್ಟೋ ಇವತ್ತು ಗೊತ್ತಿರೋದು ಆ ನಕಲುಗಳಿಂದಲೇ. 1807ರಲ್ಲಿ ಬ್ರಿಟಿಷರೇ ಕೋಪನ್‌ಹೇಗನ್ ಮೇಲೆ ಗುಂಡು ಸುರಿಸಿದಾಗ ಅವನ ವರ್ಷಗಟ್ಟಲೆಯ ಕೆಲಸ ಸುಟ್ಟುಹೋಯಿತು. ನಕಲು ಉಳಿದವು. ಮತ್ತೆ ಮೊದಲಿಂದ ಕೂತು 1815ರಲ್ಲಿ ಅಚ್ಚು ಹಾಕಿಸಿದ. ಅಂದರೆ ಶೇಕ್ಸ್‌ಪಿಯರ್, ಮಿಲ್ಟನ್ ಇಬ್ಬರಿಗೂ ಈ ಕಾವ್ಯದ ಗಾಳಿಯೇ ಇರಲಿಲ್ಲ ಅನ್ನಬೇಕು. ಪಟ್ಟಿಯಲ್ಲಿ ಅದು ಮೊದಲನೆಯದು. ಜನರ ಕೈಗೆ ಬಂದ ಲೆಕ್ಕದಲ್ಲಿ ಜೇನ್ ಆಸ್ಟಿನ್ ಕಾಲದ್ದು!

ಇನ್ನೂ ಒಂದು ತಮಾಷೆ. ಇಂಗ್ಲಿಷಿನ ಮೊದಲ ದೊಡ್ಡ ಕಾವ್ಯದ ಕಥೆ ನಡೆಯೋದು ಇಂಗ್ಲೆಂಡಿನಲ್ಲಲ್ಲ. ಡೆನ್ಮಾರ್ಕಿನಲ್ಲಿ, ಮತ್ತೆ ಈಗಿನ ಸ್ವೀಡನ್ ಕಡೆ.

ಕೊವೆಂಟ್ರಿಕನ್ನಡಿಗ

ಮೇಷ್ಟ್ರೇ, ಆ ಪ್ರತಿಯನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಗಾಜಿನೊಳಗೆ ನೋಡಿದ್ದೇನೆ. ಅಂಚು ಸೀದ ಹೋಳಿಗೆ ಥರ ಕಾಣುತ್ತೆ. ಒಂದೊಂದು ಹಾಳೆಯನ್ನೂ ಕಾಗದದ ಚೌಕಟ್ಟಿಗೆ ಕೂರಿಸಿದ್ದಾರೆ. ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೂ ಒಂದು ಪದ ಓದಲು ಆಗಲಿಲ್ಲ. ಶೇಕ್ಸ್‌ಪಿಯರನದ್ದೂ ಹಳೇ ಇಂಗ್ಲಿಷೇ ಅಲ್ವಾ, ಅದನ್ನಾದರೆ ಹೇಗೋ ಅರ್ಥ ಮಾಡಿಕೊಳ್ಳುತ್ತಾಳೆ.

ಹಳೇಮೇಷ್ಟ್ರು

ಎಲ್ಲರೂ ಎಡವೋ ಕಲ್ಲು ಇದೇ. ಶೇಕ್ಸ್‌ಪಿಯರನದು ಹಳೇ ಇಂಗ್ಲಿಷ್ ಅಲ್ಲ, ಹೊಸ ಇಂಗ್ಲಿಷಿನ ಎಳೇ ರೂಪ. ಹಳೇ ಇಂಗ್ಲಿಷ್ ಅಂದರೆ 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಬಂದು ಗೆಲ್ಲುವುದಕ್ಕೆ ಮುಂಚಿನದು. ನಡುವೆ ಚಾಸರನ ಕಾಲದ್ದು ನಡು ಇಂಗ್ಲಿಷ್.

ನಮ್ಮ ಪಂಪ 941ರ ಹೊತ್ತಿನವನು. ಬಿಯೋವುಲ್ಫ್ ಪ್ರತಿಗಿಂತ ಹಳಬ. ಪಂಪನನ್ನು ಓದೋದು ನಮಗೆ ಕಷ್ಟ, ಒಪ್ಪಿದೆ. ಆದರೆ ಪಕ್ಕದಲ್ಲಿ ಯಾರಾದರೂ ಕೂತು ಬಿಡಿಸಿ ಹೇಳಿದರೆ ‘ಓ, ಇದು ನಮ್ಮದೇ’ ಅನಿಸುತ್ತೆ. ಇಂಗ್ಲಿಷರಿಗೆ ಬಿಯೋವುಲ್ಫ್ ಹಾಗಲ್ಲ. ಅವರು ಅದನ್ನು ಪರಭಾಷೆ ಕಲಿತ ಹಾಗೆ ಕಲಿಯಬೇಕು. ನಡುವೆ ಸುಮಾರು ಮುನ್ನೂರು ವರ್ಷ ಆಳುವವರ ಮನೆಮಾತು ಫ್ರೆಂಚ್ ಆಗಿತ್ತು. ಕೊಟ್ಟಿಗೆಯಲ್ಲಿದ್ದಾಗ ಕೌ, ಶೀಪ್. ತಟ್ಟೆಗೆ ಬಂದಾಗ ಬೀಫ್, ಮಟನ್. ಮೇಯಿಸಿದವನು ಸ್ಯಾಕ್ಸನ್, ತಿಂದವನು ಫ್ರೆಂಚ್ ಮಾತಿನವನು. 1362ರಲ್ಲಿ ‘ಕೋರ್ಟಿನ ವಾದ ಇನ್ನು ಇಂಗ್ಲಿಷಿನಲ್ಲಿ ನಡೆಯಲಿ’ ಅಂತ ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ. ನಮ್ಮ ಕಚೇರಿಗಳ ಸುತ್ತೋಲೆ ನೆನಪಾದರೆ ನನ್ನ ತಪ್ಪಲ್ಲ.

ಓದುಮರಿಯವರೇ, ನಿಮಗೊಂದು ಖುಷಿ ಸುದ್ದಿ. ಚಾಸರ್ ನಿಮ್ಮ ಪೈಕಿಯೇ! 1374ರಿಂದ ಹನ್ನೆರಡು ವರ್ಷ ಲಂಡನ್ ಬಂದರಿನಲ್ಲಿ ಉಣ್ಣೆ, ಚರ್ಮದ ಸುಂಕದ ಲೆಕ್ಕ ನೋಡುತ್ತಿದ್ದ. ಲೆಕ್ಕವನ್ನು ಸ್ವಂತ ಕೈಯಲ್ಲೇ ಬರೆಯಬೇಕು ಅನ್ನೋದು ಆ ಕೆಲಸದ ಷರತ್ತು. ಹಗಲೆಲ್ಲ ಉಣ್ಣೆ ಮೂಟೆ, ರಾತ್ರಿ ಪುಸ್ತಕ. ಅವನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಸುಮಾರು ಮೂವತ್ತು ಯಾತ್ರಿಕರು ಸೌತ್‌ವರ್ಕಿನ ಟ್ಯಾಬರ್ಡ್ ಅನ್ನೋ ಛತ್ರದಿಂದ ಹೊರಡುತ್ತಾರೆ. ಹೋಗುತ್ತಾ ಎರಡು, ಬರುತ್ತಾ ಎರಡು ಕಥೆ ಒಬ್ಬೊಬ್ಬರೂ ಹೇಳಬೇಕು ಅನ್ನೋದು ಒಪ್ಪಂದ. ಲೆಕ್ಕ ಹಾಕಿ, ನೂರು ದಾಟುತ್ತೆ. ಬರೆದದ್ದು 24, ಅದರಲ್ಲೂ ಕೆಲವು ಅರ್ಧಂಬರ್ಧ. 1400ರಲ್ಲಿ ತೀರಿಕೊಂಡ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಲಿಲ್ಲ.

ಓದುಮರಿ

ಮೇಷ್ಟ್ರೇ, ಇದನ್ನು ನನ್ನ ಪುಸ್ತಕದಲ್ಲಿ ‘ಚಾಸರನು ಇಂಗ್ಲಿಷ್ ಕಾವ್ಯದ ಪಿತಾಮಹನು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸುಂಕದ ಗುಮಾಸ್ತ ಅಂದಿದ್ದರೆ ಅವತ್ತೇ ಓದಿಬಿಡುತ್ತಿದ್ದೆ.

ಅಚ್ಚುಮನೆ

ತಡವಾಗಿ ಬಂದೆ, ಕ್ಷಮಿಸಿ. ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್ಕು, ಒಮ್ಮೊಮ್ಮೆ ಕವನ ಸಂಕಲನ. ಅಪ್ಪನ ಕಾಲದಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ ಮನೆ. ಮೇಷ್ಟ್ರ ಪ್ರಶ್ನೆ ಚೆನ್ನಾಗಿದೆ. ನನ್ನದು ಅದಕ್ಕಿಂತ ಒರಟು: ಕಾಸು ಕೊಟ್ಟವರು ಯಾರು?

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಪ್ರೆಸ್ ಹಾಕಿದ. ಅವನು ಪಂಡಿತ ಅಲ್ಲ, ಬಟ್ಟೆ ವ್ಯಾಪಾರಿ. ಶುರುವಿನಲ್ಲೇ ಅಚ್ಚು ಹಾಕಿದ ದೊಡ್ಡ ಪುಸ್ತಕಗಳಲ್ಲಿ ಕ್ಯಾಂಟರ್ಬರಿ ಟೇಲ್ಸ್ ಒಂದು. ಒಬ್ಬ ಗಿರಾಕಿ ಬಂದು ‘ನಮ್ಮಪ್ಪನ ಹತ್ತಿರ ಇರೋ ಪ್ರತಿಯೇ ಬೇರೆ, ನೀನು ಹಾಕಿರೋದು ಸರಿ ಇಲ್ಲ’ ಅಂತ ತಕರಾರು ತೆಗೆದನಂತೆ. ಕ್ಯಾಕ್ಸ್‌ಟನ್ ಆ ಪ್ರತಿ ತರಿಸಿಕೊಂಡು ಎರಡನೇ ಸಲ ಅಚ್ಚು ಹಾಕಿದ. ಅದನ್ನು ಮುನ್ನುಡಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಕರಡು ತಿದ್ದುವ ತಲೆನೋವು ಅವತ್ತಿಂದಲೂ ಇದ್ದದ್ದೇ.

ಅವನದೇ ಇನ್ನೊಂದು ಮುನ್ನುಡಿಯಲ್ಲಿ, 1490ರದ್ದು, ಮೊಟ್ಟೆಯ ಕಥೆ ಬರುತ್ತೆ. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ್ದಾರೆ. ಗಾಳಿ ಇಲ್ಲ. ದಡಕ್ಕೆ ಇಳಿದು ಒಬ್ಬ ಒಂದು ಮನೆಯಲ್ಲಿ ‘ಎಗ್ಗೆಸ್’ ಕೊಡಿ ಅಂದ. ಆ ಹೆಂಗಸು ‘ನನಗೆ ಫ್ರೆಂಚ್ ಬರಲ್ಲಪ್ಪ’ ಅಂದಳು. ಅವನಿಗೆ ಸಿಟ್ಟು ಬಂತು. ಅವನಿಗೂ ಫ್ರೆಂಚ್ ಬರಲ್ಲ! ಕೊನೆಗೆ ಇನ್ನೊಬ್ಬ ‘ಐರೆನ್’ ಅಂದ ಮೇಲೆ ಅವಳಿಗೆ ತಿಳಿಯಿತು. ಎರಡೂ ಮೊಟ್ಟೆಯೇ. ಒಂದು ಉತ್ತರದ ಕಡೆ ವೈಕಿಂಗರು ತಂದ ಪದ, ಇನ್ನೊಂದು ದಕ್ಷಿಣದ ಹಳೇ ಪದ. ಈಗ ನಾನು ಯಾವುದನ್ನು ಬರೀಲಿ ಅಂತ ಕ್ಯಾಕ್ಸ್‌ಟನ್ ತಲೆ ಕೆರೆದುಕೊಳ್ಳುತ್ತಾನೆ.

ಪ್ರೆಸ್ಸಿನವನ ಕಷ್ಟ ನೋಡಿ. ಬಾಯಲ್ಲಿ ಹತ್ತು ಥರ ಹೇಳಬಹುದು. ಮೊಳೆ ಜೋಡಿಸುವಾಗ ಒಂದೇ ಹಾಕಬೇಕು. ಯಾವುದು ಹಾಕಿದನೋ ಅದೇ ‘ಶುದ್ಧ’ ಆಗಿಬಿಡುತ್ತೆ. ಯೋಧ ಅನ್ನೋ ಅರ್ಥದ ನೈಟ್ ಪದಕ್ಕೆ ಮುಂದೆ ಒಂದು ಕೆ, ನಡುವೆ ಜಿ ಎಚ್ ಯಾಕೆ ಅಂತ ಮಕ್ಕಳು ಕೇಳ್ತಾವಲ್ಲ, ಒಂದು ಕಾಲದಲ್ಲಿ ಅವೆಲ್ಲವನ್ನೂ ಉಚ್ಚರಿಸುತ್ತಿದ್ದರು. ಅಚ್ಚಿನಲ್ಲಿ ಕಾಗುಣಿತ ನಿಂತುಬಿಟ್ಟಿತು, ನಾಲಗೆ ಮುಂದೆ ಹೋಯಿತು.

ಪರೀಕ್ಷೆಮುಗಿದಿಲ್ಲ

ಎಗ್ಗೆಸ್, ಐರೆನ್! ನಮ್ಮಲ್ಲಿ ಮೊಟ್ಟೆ, ತತ್ತಿ ಅಷ್ಟೇ.

ಮಲೆನಾಡಗುಬ್ಬಿ

ಇಲ್ಲಿವರೆಗೆ ಬಂದ ಹೆಂಗಸು ಒಬ್ಬಳೇ, ಅವಳೂ ಮೊಟ್ಟೆ ಮಾರೋಳು. ನನ್ನದೊಂದು ಸಾಲು ಸೇರಿಸಿಕೊಳ್ಳಿ.

ಹೆಸರು ಗೊತ್ತಿರೋ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗ ಕ್ಯಾಡ್ಮನ್, ದನ ಕಾಯುತ್ತಿದ್ದವನು. ಊಟದ ಸಾಲಿನಲ್ಲಿ ಹಾರ್ಪ್ ಕೈಯಿಂದ ಕೈಗೆ ಬರುತ್ತಿದ್ದ ಹಾಗೇ ‘ನನಗೆ ಹಾಡಕ್ಕೆ ಬರಲ್ಲ’ ಅಂತ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಕನಸಿನಲ್ಲಿ ಹಾಡು ಬಂತು, ಬೆಳಿಗ್ಗೆ ಎದ್ದು ಹಾಡಿದ. ಬೀಡ್ ಅನ್ನೋ ಸನ್ಯಾಸಿ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಇದನ್ನು ಬರೆದಿದ್ದಾನೆ. ಸಿಕ್ಕಿರೋದು ಒಂಬತ್ತೇ ಸಾಲು. ಆದರೆ ಅವನನ್ನು ಕರೆಸಿ, ಹಾಡಿಸಿ, ಮಠಕ್ಕೆ ಸೇರಿಸಿಕೊಂಡ ವಿಟ್ಬಿ ಮಠದ ಯಜಮಾನಿ ಹಿಲ್ಡ್. ಹೆಂಗಸು. ಅವಳು ‘ಹೋಗಯ್ಯ, ದನ ನೋಡಿಕೋ’ ಅಂದಿದ್ದರೆ ಆ ಒಂಬತ್ತೂ ಇರುತ್ತಿರಲಿಲ್ಲ.

ಇನ್ನು ಮಾರ್ಜರಿ ಕೆಂಪ್. ಹದಿನೈದನೇ ಶತಮಾನದವಳು. ಅಕ್ಷರ ಬಾರದು, ಹೇಳಿ ಬರೆಸಿದಳು. ಇಂಗ್ಲಿಷಿನಲ್ಲಿ ಸಿಕ್ಕಿರುವ ಮೊದಲ ಆತ್ಮಕಥೆ ಅಂತ ಅದನ್ನೇ ಹೇಳುತ್ತಾರೆ. ಅದರ ಪ್ರತಿ ಎಲ್ಲಿ ಸಿಕ್ಕಿದ್ದು ಗೊತ್ತಾ? 1934ರಲ್ಲಿ ಒಂದು ಹಳ್ಳಿ ಬಂಗಲೆಯ ಕಪಾಟಿನಲ್ಲಿ. ಪಿಂಗ್‌ಪಾಂಗ್ ಆಟದ ಸಾಮಾನು ಹುಡುಕುವಾಗ ಬಿತ್ತು ಅಂತ ಆ ಮನೆಯವರು ಹೇಳುತ್ತಿದ್ದರು. ಓದುಮರಿಯವರ ದಪ್ಪ ಪುಸ್ತಕ ಅದಕ್ಕಿಂತ ಮುಂಚಿನದಾಗಿದ್ದರೆ ಅವಳ ಆತ್ಮಕಥೆ ಅದರಲ್ಲಿ ಇರೋದು ಅನುಮಾನವೇ.

ಕೊವೆಂಟ್ರಿಕನ್ನಡಿಗ

ಶೇಕ್ಸ್‌ಪಿಯರನ ವಿಷಯದಲ್ಲಿ ಕಾಸಿನ ಲೆಕ್ಕ ಏನು? ಇಲ್ಲಿಂದ ಸ್ಟ್ರಾಟ್‌ಫರ್ಡ್ ಹತ್ತಿರ. ನೆಂಟರು ಬಂದಾಗಲೆಲ್ಲ ಅವನ ಮನೆ ತೋರಿಸಿ ತೋರಿಸಿ ಗೈಡ್ ಆಗಿಬಿಟ್ಟಿದ್ದೇನೆ. ಕವಿಗೆ ಅಷ್ಟು ದೊಡ್ಡ ಮನೆ ಕೊಳ್ಳೋಕೆ ದುಡ್ಡು ಎಲ್ಲಿಂದ ಬಂತು ಅಂತ ನಮ್ಮ ಮಾವ ಕೇಳಿದರು. ಉತ್ತರ ಗೊತ್ತಿರಲಿಲ್ಲ.

ಅಚ್ಚುಮನೆ

ಮಾವ ಸರಿಯಾದ ಪ್ರಶ್ನೆಯೇ ಕೇಳಿದ್ದಾರೆ. ನಾಟಕ ಬರೆದು ಬಂದದ್ದಲ್ಲ. ಆಗ ಒಂದು ನಾಟಕಕ್ಕೆ ಕಂಪನಿ ಕೊಡುತ್ತಿದ್ದದ್ದು ಸುಮಾರು 6 ಪೌಂಡ್. ಕೊಟ್ಟ ಮೇಲೆ ನಾಟಕ ಕಂಪನಿಯದು. ಬರೆದವನಿಗೆ ಅದರ ಮೇಲೆ ಹಕ್ಕಿಲ್ಲ. ಶೇಕ್ಸ್‌ಪಿಯರ್ ಜಾಣ, ಕಂಪನಿಯಲ್ಲೇ ಪಾಲು ತೆಗೆದುಕೊಂಡ. 1599ರಲ್ಲಿ ಗ್ಲೋಬ್ ಕಟ್ಟಿದಾಗ ಅದರಲ್ಲೂ ಪಾಲು. ಅಂಗಳದಲ್ಲಿ ನಿಂತು ನೋಡೋಕೆ ಒಂದು ಪೆನ್ನಿ. ದಿನಾ ಗಲ್ಲಾಪೆಟ್ಟಿಗೆ ತುಂಬಬೇಕು, ಆದ್ದರಿಂದ ನಿಂತವನಿಗೂ ಬೇಕು, ಮೇಲೆ ಕೂತವನಿಗೂ ಬೇಕು. ‘ಹ್ಯಾಮ್ಲೆಟ್’ ಅನ್ನೋ ಒಂದೇ ನಾಟಕದಲ್ಲಿ ಗೋರಿ ತೋಡುವವನ ತಮಾಷೆಯೂ ಇದೆ, ರಾಜಕುಮಾರನ ಸಂಕಟವೂ ಇದೆ ಅಂದರೆ ಅದಕ್ಕೆ ಈ ಗಲ್ಲಾಪೆಟ್ಟಿಗೆಯೂ ಒಂದು ಕಾರಣ ಅಂತ ನನ್ನ ಲೆಕ್ಕ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1592ರಿಂದ 94ರವರೆಗೆ ಪ್ಲೇಗ್ ಬಂದು ಹೆಚ್ಚಿನ ಕಾಲ ನಾಟಕಶಾಲೆಗಳಿಗೆ ಬೀಗ. ಲಾಕ್‌ಡೌನ್! ಆಗ ಏನು ಮಾಡಿದ? ದೀರ್ಘ ಕವನ ಬರೆದು ಒಬ್ಬ ಜಮೀನ್ದಾರನಿಗೆ ಅರ್ಪಿಸಿ ಅಚ್ಚು ಹಾಕಿಸಿದ. ಗಿರಾಕಿ ಬದಲಾದ ಕೂಡಲೇ ಸರಕೂ ಬದಲು.

ಹಳೇಮೇಷ್ಟ್ರು

ಗ್ಲೋಬ್ 1613ರಲ್ಲಿ ಸುಟ್ಟಿತು. ನಾಟಕದಲ್ಲಿ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಚಾವಣಿಗೆ ತಗುಲಿತು. ಯಾರೂ ಸಾಯಲಿಲ್ಲ, ಒಬ್ಬನ ಚಡ್ಡಿಗೆ ಬೆಂಕಿ ಹತ್ತಿ ಅದನ್ನು ಬಿಯರ್ ಸುರಿದು ಆರಿಸಿದರು ಅಂತ ಆ ಕಾಲದ ಒಂದು ಕಾಗದದಲ್ಲಿದೆ.

ಆದರೆ ನಾನು ಹೇಳಬೇಕಾದ್ದು ಬೇರೆ. ಶೇಕ್ಸ್‌ಪಿಯರ್ 1616ರಲ್ಲಿ ಸತ್ತಾಗ ಅವನ ನಾಟಕಗಳಲ್ಲಿ ಅರ್ಧ ಅಚ್ಚೇ ಆಗಿರಲಿಲ್ಲ. ಅವನ ಜೊತೆ ನಟಿಸಿದ್ದ ಹೆಮಿಂಗ್ಸ್, ಕಾಂಡೆಲ್ ಅನ್ನೋ ಇಬ್ಬರು ಗೆಳೆಯರು ಏಳು ವರ್ಷ ಆದ ಮೇಲೆ 36 ನಾಟಕ ಸೇರಿಸಿ ದೊಡ್ಡ ಪುಸ್ತಕ ಹೊರತಂದರು. 1623ರ ಫಸ್ಟ್ ಫೋಲಿಯೋ. ಅದರಲ್ಲಿ 18 ಅದಕ್ಕೆ ಮುಂಚೆ ಎಲ್ಲೂ ಅಚ್ಚಾಗಿರಲಿಲ್ಲ. ಮ್ಯಾಕ್‌ಬೆತ್, ಜೂಲಿಯಸ್ ಸೀಸರ್, ಟ್ವೆಲ್ತ್ ನೈಟ್, ಟೆಂಪೆಸ್ಟ್ ಎಲ್ಲ ಆ ಹದಿನೆಂಟರಲ್ಲಿವೆ. ಆ ಇಬ್ಬರು ‘ಹೋಗಲಿ ಬಿಡು’ ಅಂದಿದ್ದರೆ ಟೆಂಪೆಸ್ಟ್ ಇಲ್ಲ. ಟೆಂಪೆಸ್ಟ್ ಇಲ್ಲದಿದ್ದರೆ ಕುವೆಂಪು ಅವರ ‘ಬಿರುಗಾಳಿ’ಯೂ ಇಲ್ಲ. ನನ್ನ ಪ್ರಕಾರ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಪೂರ್ತಿ ಅಧ್ಯಾಯ ಸಲ್ಲಬೇಕಾದ್ದು ಈ ಇಬ್ಬರಿಗೆ. ಕೊಡೋದು ಅರ್ಧ ಸಾಲು.

ಮುಂದೆ 1642ರಲ್ಲಿ ಪ್ಯೂರಿಟನ್ನರ, ಅಂದರೆ ಮಡಿವಂತ ಕ್ರೈಸ್ತರ, ಪಾರ್ಲಿಮೆಂಟು ನಾಟಕಶಾಲೆಗಳನ್ನೇ ಮುಚ್ಚಿಸಿತು. ಹದಿನೆಂಟು ವರ್ಷ. 1660ರಲ್ಲಿ ರಾಜ ವಾಪಸ್ಸು ಬಂದ, ನಾಟಕವೂ ಬಂತು. ಆಗ ಹೆಂಗಸರ ಪಾತ್ರಕ್ಕೆ ಹೆಂಗಸರೇ ಬಂದರು. ಅಲ್ಲಿವರೆಗೂ ಜೂಲಿಯೆಟ್ ಆಗುತ್ತಿದ್ದದ್ದು ಹುಡುಗರು.

ಅಚ್ಚುಮನೆ

ಮಿಲ್ಟನ್ ಲೆಕ್ಕ ನಾನು ಹೇಳಲೇಬೇಕು. ‘ಪ್ಯಾರಡೈಸ್ ಲಾಸ್ಟ್’ಗೆ 1667ರಲ್ಲಿ ಆದ ಕರಾರು ಪತ್ರ ಈಗಲೂ ಇದೆ. ಮುಂಗಡ 5 ಪೌಂಡ್. 1,300 ಪ್ರತಿ ಮಾರಿದ ಮೇಲೆ ಇನ್ನೊಂದು 5. ಅವನು ಹೋದ ಮೇಲೆ ಹೆಂಡತಿ ಉಳಿದ ಹಕ್ಕನ್ನೆಲ್ಲ 8 ಪೌಂಡಿಗೆ ಬರೆದುಕೊಟ್ಟಳು. ಒಟ್ಟು 18. ಇಡೀ ಮಹಾಕಾವ್ಯಕ್ಕೆ.

ಮಲೆನಾಡಗುಬ್ಬಿ

ಆ ಕಾವ್ಯ ಬರೆಯುವಾಗ ಮಿಲ್ಟನ್‌ಗೆ ಕಣ್ಣಿರಲಿಲ್ಲ, ಹೇಳಿ ಬರೆಸಿದ್ದು. ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಹೀಬ್ರೂ ಓದಿ ಹೇಳೋದು ಕಲಿಸಿದ್ದ. ಉಚ್ಚಾರಣೆ ಮಾತ್ರ, ಅರ್ಥ ಕಲಿಸಲಿಲ್ಲ. ಅವನ ಸೋದರಳಿಯನೇ ಬರೆದಿಟ್ಟಿದ್ದಾನೆ. ಅರ್ಥ ಗೊತ್ತಿಲ್ಲದ ಭಾಷೆಯನ್ನು ದಿನಗಟ್ಟಲೆ ಜೋರಾಗಿ ಓದುತ್ತಾ ಕೂರೋದು ನೆನೆಸಿಕೊಳ್ಳಿ. ಮಹಾಕವಿ ಇರಬಹುದು. ಅಪ್ಪನಾಗಿ ನನಗೆ ಹಿಡಿಸಲ್ಲ.

ಹಳೇಮೇಷ್ಟ್ರು

ಗುಬ್ಬಿಯವರೇ, ಅಪ್ಪನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡಲ್ಲ. ಕಾವ್ಯದ ವಿಷಯದಲ್ಲಿ ಬಿಟ್ಟುಕೊಡಲ್ಲ. ಆ ಸೈತಾನನ ಮಾತುಗಳನ್ನು ಒಂದು ಸಲ ಜೋರಾಗಿ ಓದಿ ನೋಡಿ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹೋಮರ್, ವರ್ಜಿಲ್, ಡಾಂಟೆ ಜೊತೆ ಮಿಲ್ಟನ್‌ಗೂ ಕೈಮುಗಿದದ್ದು ಸುಮ್ನೆ ಅಲ್ಲ.

ಮಲೆನಾಡಗುಬ್ಬಿ

ಆಗಲಿ, ಓದುತ್ತೇನೆ. ಅದಕ್ಕೆ ಬದಲಾಗಿ ನೀವು ಆಫ್ರಾ ಬೆನ್ ಓದಬೇಕು. ಅದೇ ಕಾಲದವಳು, 1689ರಲ್ಲಿ ತೀರಿಕೊಂಡಳು. ನಾಟಕ ಬರೆದೇ ಹೊಟ್ಟೆ ಹೊರೆದ ಮೊದಲ ಇಂಗ್ಲಿಷ್ ಹೆಂಗಸರಲ್ಲಿ ಒಬ್ಬಳು.

ಜೇನ್ ಆಸ್ಟಿನ್ ಲೆಕ್ಕ ಅಚ್ಚುಮನೆಯವರಿಗೆ ಇಷ್ಟ ಆಗುತ್ತೆ. 1803ರಲ್ಲಿ ಒಂದು ಕಾದಂಬರಿಯನ್ನು 10 ಪೌಂಡಿಗೆ ಮಾರಿದಳು. ಪ್ರಕಾಶಕ ಅದನ್ನು ಹದಿಮೂರು ವರ್ಷ ಅಚ್ಚು ಹಾಕದೆ ಇಟ್ಟುಕೊಂಡ. ಕೊನೆಗೆ ಅದೇ 10 ಪೌಂಡ್ ವಾಪಸ್ಸು ಕೊಟ್ಟು ಬಿಡಿಸಿಕೊಂಡರು. ‘ನಾರ್ಥ್ಯಾಂಗರ್ ಅಬ್ಬಿ’. ಹೊರಬರುವಷ್ಟರಲ್ಲಿ ಅವಳೇ ಇರಲಿಲ್ಲ. 1811ರ ಮೊದಲ ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ, ‘ಒಬ್ಬ ಮಹಿಳೆಯಿಂದ’ ಅಂತ ಅಷ್ಟೇ.

ಬ್ರಾಂಟೆ ಅಕ್ಕತಂಗಿಯರದ್ದು ಇನ್ನೂ ಪಾಡು. ಆಸ್ಥಾನಕವಿ ಸದೀಗೆ ಷಾರ್ಲೆಟ್ ಕಾಗದ ಬರೆದರೆ, ಸಾಹಿತ್ಯ ಹೆಂಗಸಿನ ಬದುಕಿನ ಕೆಲಸ ಆಗಲಾರದು ಅಂತ ಉತ್ತರ ಬಂತು. ಮೂವರೂ ಗಂಡಸೋ ಹೆಂಗಸೋ ತಿಳಿಯದ ಹೆಸರು ಇಟ್ಟುಕೊಂಡು 1846ರಲ್ಲಿ ಕವನ ಸಂಕಲನ ತಂದರು. ಮಾರಿದ್ದು ಎರಡು ಪ್ರತಿ.

ಅಚ್ಚುಮನೆ

ಎರಡು ಪ್ರತಿ! ನಮ್ಮ ಪ್ರೆಸ್ಸಿಗೆ ಬರೋ ಕವಿಗಳಿಗೆ ಇದನ್ನು ಫ್ರೇಮ್ ಹಾಕಿಸಿ ತೋರಿಸಬೇಕು. ಮಾರನೇ ವರ್ಷವೇ ‘ಜೇನ್ ಏರ್’, ‘ವುದರಿಂಗ್ ಹೈಟ್ಸ್’ ಬಂದವಲ್ಲ.

ವಿಕ್ಟೋರಿಯಾ ಕಾಲದ ಕಾದಂಬರಿ ಯಾಕೆ ಅಷ್ಟು ದಪ್ಪ ಅನ್ನೋದೂ ಕಾಸಿನ ವಿಷಯವೇ. ಆಗ ಕಾದಂಬರಿ ಮೂರು ಸಂಪುಟದಲ್ಲಿ ಬರುತ್ತಿತ್ತು, ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಕೂಲಿಯವನ ಎಷ್ಟೋ ದಿನದ ಸಂಪಾದನೆ. ಯಾರೂ ಕೊಳ್ಳುತ್ತಿರಲಿಲ್ಲ, ಮೂಡೀಸ್ ಅನ್ನೋ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ಕಟ್ಟಿ ಎರವಲು ತರುತ್ತಿದ್ದರು. ಆ ಚಂದಾಕ್ಕೆ ಒಂದು ಸಲಕ್ಕೆ ಒಂದೇ ಸಂಪುಟ. ಮೂರು ಸಂಪುಟ ಇದ್ದರೆ ಒಂದು ಕಾದಂಬರಿ ಮೂರು ಮನೆಯಲ್ಲಿ ಓಡುತ್ತೆ. ಬರೆಯುವವನು ಎಳೆಯದೆ ಏನು ಮಾಡುತ್ತಾನೆ? 1894ರಲ್ಲಿ ಆ ಲೈಬ್ರರಿಗಳೇ ಇನ್ನು ಸಾಕು ಅಂದವು. ಕೆಲವೇ ವರ್ಷದಲ್ಲಿ ಮೂರು ಸಂಪುಟ ಮಾಯ.

ಡಿಕನ್ಸ್ ಬೇರೆ ದಾರಿ ಹಿಡಿದ. ‘ಪಿಕ್‌ವಿಕ್ ಪೇಪರ್ಸ್’ 1836ರಿಂದ ತಿಂಗಳಿಗೊಂದು ಕಂತು. 32 ಪುಟ, ಒಂದು ಶಿಲ್ಲಿಂಗ್. ನಮ್ಮ ಭಾಷೆಯಲ್ಲಿ ಎರಡು ಫಾರಂ. ಮೊದಲ ಕಂತು 1,000 ಅಚ್ಚು ಹಾಕಿದ್ದೇ ಜಾಸ್ತಿ ಆಗಿತ್ತು. ನಾಲ್ಕನೇ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಅನ್ನೋ ಬಾಯಿಬಡುಕ ಆಳು ಬಂದ ನೋಡಿ, ಕೊನೆಯ ಹೊತ್ತಿಗೆ 40,000. ಜನಕ್ಕೆ ಯಾವ ಪಾತ್ರ ಹಿಡಿಸಿತು ಅಂತ ಮುಂದಿನ ಕಂತು ಬರೆಯೋಕೆ ಮುಂಚೆಯೇ ಗೊತ್ತಾಗುತ್ತಿತ್ತು. ಓದುಮರಿಯವರೇ, ನನ್ನ ಸಲಹೆ ಇದು. ಪಿಕ್‌ವಿಕ್ ತೆಗೆದುಕೊಳ್ಳಿ, ತಿಂಗಳಿಗೆ ಒಂದೇ ಕಂತು ಓದಿ. ಅವತ್ತಿನವರು ಓದಿದ ಹಾಗೆ.

ಪರೀಕ್ಷೆಮುಗಿದಿಲ್ಲ

ಒಂದು ನಿಮಿಷ. ಎಲ್ಲಾ ಕಾಸು ಅಂದರೆ ಒಪ್ಪಲ್ಲ. ವಿಲಿಯಂ ಬ್ಲೇಕ್ ತಗೊಳ್ಳಿ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’. ತಾಮ್ರದ ತಗಡಿನ ಮೇಲೆ ತಾನೇ ಬರೆದು, ತಾನೇ ಅಚ್ಚು ಹಾಕಿ, ಗಂಡ ಹೆಂಡತಿ ಕೂತು ಬಣ್ಣ ತುಂಬುತ್ತಿದ್ದರು. ಕೊಂಡವರು ಬೆರಳೆಣಿಕೆ. ಹಾಪ್ಕಿನ್ಸ್ ತಗೊಳ್ಳಿ, 1889ರಲ್ಲಿ ಸತ್ತ, ಕವನಗಳು ಪುಸ್ತಕವಾಗಿದ್ದು 1918ರಲ್ಲಿ, ಗೆಳೆಯ ಬ್ರಿಜಸ್ ತಂದದ್ದು. ಇವರಿಗೆಲ್ಲ ಯಾವ ಗಲ್ಲಾಪೆಟ್ಟಿಗೆ? ಗಿರಾಕಿ ಇಲ್ಲದೆಯೂ ಬರೆದವರಿದ್ದಾರೆ ಸ್ವಾಮಿ. (ಇದು ಗೈಡ್‌ನಲ್ಲಿ ಇರಲಿಲ್ಲ, ನಾನೇ ಓದಿದ್ದು.)

ಅಚ್ಚುಮನೆ

ಭಲೇ ತಮ್ಮಾ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಾಸಿನಿಂದ ಕಾದಂಬರಿಯ ದಪ್ಪ ಹೇಳಬಹುದು, ಬ್ಲೇಕ್‌ನ ‘ಹುಲಿ’ ಪದ್ಯವನ್ನು ಹೇಳಕ್ಕಾಗಲ್ಲ. ಬರೆಯೋದು ಒಂದು, ಉಳಿಯೋದು ಇನ್ನೊಂದು. ಮೇಷ್ಟ್ರ ಪ್ರಶ್ನೆಯೇ ಗಟ್ಟಿ ಅನ್ಸುತ್ತೆ. ಬ್ರಿಜಸ್ ಇಲ್ಲದೆ ಹಾಪ್ಕಿನ್ಸ್ ಇಲ್ಲ.

ಹಳೇಮೇಷ್ಟ್ರು

ರೊಮ್ಯಾಂಟಿಕ್ ಕವಿಗಳ ಬಗ್ಗೆ ಜಾಸ್ತಿ ಹೇಳಲ್ಲ. ಕೀಟ್ಸ್ 25ಕ್ಕೆ ಹೋದ, ಡ್ಯಾಫಡಿಲ್ ಹೂವು ನೋಡದವರೂ ವರ್ಡ್ಸ್‌ವರ್ತ್‌ನ ಆ ಪದ್ಯ ಬಾಯಿಪಾಠ ಮಾಡಿದರು, ಎಲ್ಲ ನಿಮಗೆ ಗೊತ್ತು. ಒಂದೇ ಮಾತು. ನಮ್ಮ ಬಿ.ಎಂ.ಶ್ರೀ ‘ಇಂಗ್ಲಿಷ್ ಗೀತಗಳು’ ತಂದಾಗ ಮುಂದಿಟ್ಟುಕೊಂಡದ್ದು ಹೆಚ್ಚಾಗಿ 1861ರ ‘ಗೋಲ್ಡನ್ ಟ್ರೆಷರಿ’ ಸಂಕಲನದ ಕವಿಗಳನ್ನು. ಆ ಒಂದು ಸಂಕಲನದಲ್ಲಿ ಬ್ಲೇಕ್‌ನ ಹುಲಿ ಮೊದಲಿಗೆ ಇರಲಿಲ್ಲ, ಜಾನ್ ಡನ್ ಅನ್ನೋ ಕವಿಯೇ ಇರಲಿಲ್ಲ. ಇಂಗ್ಲಿಷ್ ಕಾವ್ಯ ಅಂದರೆ ಹೂವು, ಕೋಗಿಲೆ, ವಿರಹ ಅಂತ ನಮ್ಮಲ್ಲಿ ಬಹಳ ದಿನ ಅಂದುಕೊಂಡದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಇನ್ನೊಂದು ವಿಚಿತ್ರ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೇ ಅಂತ ಒಂದು ವಿಭಾಗ ಬಂದದ್ದು 1894ರಲ್ಲಿ. ಅದಕ್ಕೆ ಎಷ್ಟೋ ದಶಕ ಮುಂಚೆಯೇ ನಮ್ಮ ದೇಶದ ಕಾಲೇಜುಗಳಲ್ಲಿ ಹುಡುಗರು ಶೇಕ್ಸ್‌ಪಿಯರ್, ಮಿಲ್ಟನ್ ಉರು ಹೊಡೆಯುತ್ತಿದ್ದರು. ಇಡೀ ಭಾರತ, ಅರೇಬಿಯಾದ ಸಾಹಿತ್ಯ ಸೇರಿದರೂ ಯುರೋಪಿನ ಒಂದು ಕಪಾಟಿನ ಒಂದು ತಟ್ಟಿಗೆ ಸಮ ಅಲ್ಲ ಅಂತ ಮೆಕಾಲೆ ಬರೆದದ್ದು 1835ರಲ್ಲಿ. ನಾನು ಮೂವತ್ತು ವರ್ಷ ಆ ತಟ್ಟಿನ ಮೇಲೇ ಊಟ ಮಾಡಿದವನು, ಪೂರ್ತಿ ಬೈಯೋಕೂ ಆಗಲ್ಲ.

ಕೊವೆಂಟ್ರಿಕನ್ನಡಿಗ

ಇಪ್ಪತ್ತನೇ ಶತಮಾನಕ್ಕೆ ಬಂದರೆ ‘ಇಂಗ್ಲಿಷ್’ ಸಾಹಿತಿ ಅಂದರೆ ಯಾರು ಅನ್ನೋದೇ ಗೊಂದಲ. ಕಾನ್ರಾಡ್ ಪೋಲೆಂಡಿನವನು, ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿತ. ಎಲಿಯಟ್ ಹುಟ್ಟಿದ್ದು ಅಮೆರಿಕದಲ್ಲಿ. ಜಾಯ್ಸ್ ಐರಿಷ್, ಅವನ ‘ಯುಲಿಸಿಸ್’ 1922ರಲ್ಲಿ ಹೊರಬಂದದ್ದು ಪ್ಯಾರಿಸ್ಸಿನ ಒಂದು ಪುಸ್ತಕದ ಅಂಗಡಿಯಿಂದ.

ಮಲೆನಾಡಗುಬ್ಬಿ

ವರ್ಜಿನಿಯಾ ವುಲ್ಫ್ ಮನೆಯಲ್ಲೇ ಪ್ರೆಸ್ ಹಾಕಿಕೊಂಡದ್ದನ್ನು ಅಚ್ಚುಮನೆಯವರು ಬಿಟ್ಟರಲ್ಲ! 1917, ಊಟದ ಕೋಣೆಯಲ್ಲಿ ಕೈಯಲ್ಲಿ ಒತ್ತೋ ಯಂತ್ರ. ಎಲಿಯಟ್‌ನ ‘ವೇಸ್ಟ್ ಲ್ಯಾಂಡ್’ಗೆ ಮೊಳೆ ಜೋಡಿಸಿದ್ದು ಸ್ವತಃ ಅವಳೇ. ಬರೆಯುವ ಹೆಂಗಸಿಗೆ ವರ್ಷಕ್ಕೆ 500 ಪೌಂಡ್, ಸ್ವಂತದ್ದೊಂದು ಕೋಣೆ ಬೇಕು ಅಂದವಳು. ಕಾಸು ಅಂತ ಬಾಯಿಬಿಟ್ಟು ಹೇಳಿದಳು ಪುಣ್ಯಾತ್ಗಿತ್ತಿ.

ಹಳೇಮೇಷ್ಟ್ರು

ಉಳಿದ ಕಥೆಗಳ ಸಾಲಿಗೆ ನನ್ನವು ಎರಡು. ನೈಜೀರಿಯಾದ ಅಚೆಬೆ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಕೈಬರಹವನ್ನು ಟೈಪ್ ಮಾಡಿಸೋಕೆ ಲಂಡನ್ನಿಗೆ ಅಂಚೆಯಲ್ಲಿ ಕಳಿಸಿದ. ಇದ್ದದ್ದು ಒಂದೇ ಪ್ರತಿ. ತಿಂಗಳುಗಟ್ಟಲೆ ಉತ್ತರ ಇಲ್ಲ. ಅವನ ಆಫೀಸಿನಲ್ಲಿದ್ದ ಒಬ್ಬಾಕೆ ಲಂಡನ್ನಿಗೆ ಹೋದಾಗ ಹುಡುಕಿಕೊಂಡು ಹೋಗಿ ಗದರಿಸಿದರು, ಆಮೇಲೆ ಬಂತು. 1958ರಲ್ಲಿ ಪುಸ್ತಕ ಆಯಿತು.

ಇನ್ನೊಂದು ನಮ್ಮ ಮೈಸೂರಿನದು. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ಬೇಸತ್ತು, ಕಲ್ಲು ಕಟ್ಟಿ ಥೇಮ್ಸ್‌ಗೆ ಎಸೆದುಬಿಡು ಅಂತ ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಎಸೆಯಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಅಚ್ಚಾಯಿತು.

ಓದುಮರಿ

ಒಂದು ವಾರ ಕೆಲಸದ ಗಡಿಬಿಡಿ, ಈಗ ಎಲ್ಲ ಒಟ್ಟಿಗೆ ಓದಿದೆ. ದಪ್ಪ ಪುಸ್ತಕ ಎತ್ತಿಟ್ಟಿದ್ದೇನೆ, ಎಸೆದಿಲ್ಲ. ಮೇಷ್ಟ್ರು ಹೇಳಿದ ಹಾಗೆ ಹಗ್ಗ ಬೇಕಾಗುತ್ತೆ. ಚಾಸರನ ಮುನ್ನುಡಿ ಪದ್ಯ ಶುರು ಮಾಡಿದೆ. ಒಂದು ಕಡೆ ಮೂಲ, ಒಂದು ಕಡೆ ಈಗಿನ ಇಂಗ್ಲಿಷ್ ಇರೋ ಪುಸ್ತಕ. ದಿನಕ್ಕೆ ಇಪ್ಪತ್ತು ಸಾಲು. ವ್ಯಾಪಾರಿ ಬರೋ ಕಡೆ ನಗು ಬಂತು. ದೊಡ್ಡ ಟೋಪಿ, ಲಾಭದ್ದೇ ಮಾತು, ಆದರೆ ತಲೆ ಮೇಲೆ ಸಾಲ ಇರೋದು ಯಾರಿಗೂ ಗೊತ್ತಿಲ್ಲ. ಇಂಥ ಕ್ಲೈಂಟ್ ನನಗೆ ಇಬ್ಬರಿದ್ದಾರೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕ್ಯಾಕ್ಸ್‌ಟನ್ನನ ಮೊಟ್ಟೆ ಕಥೆ ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಹುಬ್ಬಳ್ಳಿಯವಳು. ಮದುವೆಯಾದ ಹೊಸದರಲ್ಲಿ ಮೈಸೂರಿನ ಅಂಗಡಿಯಲ್ಲಿ ‘ಒಂದ್ ಡಜನ್ ತತ್ತಿ ಕೊಡ್ರಿ’ ಅಂದಾಗ ಅಂಗಡಿಯವನು ಮಿಕಮಿಕ ನೋಡಿದ್ದು ಅವಳಿಗೆ ಇನ್ನೂ ಮರೆತಿಲ್ಲ. ಕಥೆ ಪೂರ್ತಿ ಕೇಳಿ ಅಂದಳು: ‘ಆ ಹೆಣ್ಮಗಳದ್ದೇನ್ ತಪ್ಪೈತ್ರಿ? ಬೇಕಾದಾವ ಸರಿಯಾಗಿ ಕೇಳ್ಬೇಕಿಲ್ಲೋ!’